ಚಕ್ರ ದೊಡ್ಡದಾದರೆ ಗೂಡು ದೊಡ್ಡದಾಗುವುದೇ?

ಹಳ್ಳಿಯ ಬಡಗಿಯು ಎತ್ತಿನ ಬಂಡಿಗೆ ಹೊಸ ಗಾಲಿಯನ್ನು ಏರಿಸಿದ ಮೇಲೆ ಅದನ್ನು ಒಂದು ಸಲ ಕೈಯಿಂದ ತಿರುಗಿಸಿ ನೋಡುತ್ತಾನೆ. ಗಾಲಿಗೂ ಬಂಡಿಯ ಮೈಗೂ ನಡುವೆ ಬೆರಳು ಆಡುವಷ್ಟು ತೆರಪು ಉಳಿದಿದೆಯೇ, ಹೊರೆ ಹೇರಿದಾಗ ಆ ತೆರಪು ಮುಚ್ಚಿಹೋಗುವುದೇ ಎಂಬುದನ್ನು ಅವನು ಕಣ್ಣಳತೆಯಿಂದಲೇ ಹೇಳಬಲ್ಲನು. ಗಾಲಿಯು ಮರಕ್ಕೆ ಉಜ್ಜಿದರೆ ಎತ್ತಿನ ಹೆಗಲಿಗೆ ವೃಥಾ ಭಾರ, ಗಾಲಿಗೂ ಕೇಡು. ಈ ತಿಳಿವಳಿಕೆ ಬಂಡಿಯಷ್ಟೇ ಹಳೆಯದು. ಆದರೆ ಬಹಳ ಬೆಲೆ ತೆತ್ತು ಕೊಂಡ ಮೋಟಾರು ಕಾರಿಗೆ ಅಂದದ ಆಸೆಯಿಂದ ದೊಡ್ಡ ಚಕ್ರಗಳನ್ನು ಹಾಕಿಸುವವರು ಅನೇಕ ವೇಳೆ ಇದನ್ನು ಮರೆಯುತ್ತಾರೆ. ಹಾಗೆ ಮರೆತಾಗ ಏನಾಗುತ್ತದೆ, ಆದುದನ್ನು ಸರಿಪಡಿಸುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಈ ವಿಷಯ ನನ್ನ ಗಮನಕ್ಕೆ ಬಂದುದು ಮುಖರ್ಜಿ ನಗರದಲ್ಲಿ. ಉತ್ತರ ದೆಹಲಿಯ ಈ ಬಡಾವಣೆಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಜಿ.ಟಿ.ಬಿ. ನಗರದ ಮೆಟ್ರೋ ನಿಲ್ದಾಣದಲ್ಲಿ ಇಳಿದು ಸ್ವಲ್ಪ ದೂರ ಹೋದರೆ ಸಾಕು, ಸಿವಿಲ್ ಸೇವಾ ಪರೀಕ್ಷೆಗೆ ಪಾಠ ಹೇಳುವ ಸಂಸ್ಥೆಗಳ ಫಲಕಗಳು ಒಂದರ ಮೇಲೊಂದು ಕಾಣಿಸುತ್ತವೆ. ದೇಶದ ನಾನಾ ಕಡೆಗಳಿಂದ ಬಂದ ತರುಣರು ಅಲ್ಲಿನ ಕಿರುಗಲ್ಲಿಗಳಲ್ಲಿ ಕೋಣೆ ಹಿಡಿದು ಓದುತ್ತಾರೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನೂ ಅವರಲ್ಲಿ ಒಬ್ಬನು. ಕಳೆದ ಬೇಸಗೆಯಲ್ಲಿ ಅವನನ್ನು ಕಂಡುಬರಲು ಹೋಗಿದ್ದೆನು. ನಾವು ಮಾತನಾಡುತ್ತಿರುವಾಗ ಕೆಳಗಿನ ಗಲ್ಲಿಯಲ್ಲಿ ಒಂದು ಕಾರು ಹಂಪು ದಾಟಿದ ಸದ್ದಾಯಿತು. ಅದರ ಬೆನ್ನಿಗೇ ಸಾಣೆಕಲ್ಲಿಗೆ ಚರ್ಮ ಉಜ್ಜಿದಂತೆ 'ಸರ್ರ್' ಎಂಬ ಇನ್ನೊಂದು ಸದ್ದು.

"ಮನೆಯೊಡೆಯರ ಮಗನ ಕಾರು, ಸಾರ್. ಹೊಸ ಚಕ್ರ ಹಾಕಿಸಿದ ದಿನದಿಂದ ಹೀಗೇ ಕೂಗುತ್ತಿದೆ. ನಾಳೆ ಬೆಳಗ್ಗೆ ಗೆಳೆಯನೊಡನೆ ಇದೇ ಕಾರಿನಲ್ಲಿ ಆಗ್ರಾಕ್ಕೆ ಹೊರಟಿದ್ದಾನೆ" ಎಂದು ನಮ್ಮ ಹುಡುಗನು ಹೇಳಿದನು.

ಆಗ್ರಾ ಎಂದ ಕೂಡಲೆ ನನಗೆ ಯಮುನಾ ಎಕ್ಸ್‌ಪ್ರೆಸ್ ಹೆದ್ದಾರಿಯ ನೆನಪಾಯಿತು. 2012ರಲ್ಲಿ ತೆರೆದ ಈ ಹಾದಿ ಗ್ರೇಟರ್ ನೊಯ್ಡಾದಿಂದ ಆಗ್ರಾದವರೆಗೆ 165 ಕಿಲೋಮೀಟರ್ ಉದ್ದವಿದೆ. ಕಾಂಕ್ರೀಟಿನ ನೇರ ದಾರಿ. ಬೇಸಗೆಯ ಬಿಸಿಲಿನಲ್ಲಿ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ, ಗಾಯಗೊಂಡ ಟೈರೊಂದು ಅಲ್ಲಿ ಒಡೆದರೆ ಆಗುವ ಅನಾಹುತವನ್ನು ಬಣ್ಣಿಸಬೇಕಾಗಿಲ್ಲ. ನಾವಿಬ್ಬರೂ ಕೆಳಗಿಳಿದು ಹೋದೆವು.

ನೆಲಕ್ಕೆ ಒತ್ತಿಕೊಂಡಂತೆ ತಗ್ಗಾಗಿದ್ದ, ಎರಡೇ ಆಸನಗಳ ಕ್ರೀಡಾಕಾರು ಅದು. ಚಕ್ರಗಳು ಬೆಳ್ಳಿಯ ತಟ್ಟೆಗಳಂತೆ ಹೊಳೆಯುತ್ತಿದ್ದುವು. ಆ ತರುಣನು ಸಭ್ಯ. ಆದರೆ ಚಕ್ರದ ಲೆಕ್ಕವನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. "ದೊಡ್ಡ ಚಕ್ರವಿದ್ದರೆ ಹಿಡಿತ ಹೆಚ್ಚು ಎಂದರು, ಹಾಕಿಸಿದೆ" ಎಂದನು. ಅವನಿಗೆ ಹೇಳಿದ ಲೆಕ್ಕವನ್ನೇ ಈಗ ನಿಮಗೂ ಹೇಳುತ್ತೇನೆ. ಎಂಟನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗಿಲ್ಲ.

ಮೊದಲು ಟೈರಿನ ಮೈಮೇಲಿನ ಬರಹವನ್ನು ಓದಲು ಕಲಿಯಬೇಕು. ಆ ಕಾರಿನೊಡನೆ ಬಂದಿದ್ದ ಟೈರಿನ ಅಳತೆ 185/60 ಆರ್ 14. ಜಪಾನಿನ ಮಾಜ್ದಾ ಸಂಸ್ಥೆಯು 1989ರಲ್ಲಿ ಹೊರತಂದ ಎಂಎಕ್ಸ್-5 ಎಂಬ ಹೆಸರಾಂತ ಕ್ರೀಡಾಕಾರಿನ ಟೈರೂ ಇದೇ ಅಳತೆಯದು. ಇಲ್ಲಿ 185 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 60 ಎಂಬುದು ಟೈರಿನ ಪಕ್ಕದ ಗೋಡೆಯ ಎತ್ತರವು ಅಗಲದ ನೂರರಲ್ಲಿ 60 ಪಾಲು ಎಂಬುದನ್ನು ತಿಳಿಸುತ್ತದೆ. 'ಆರ್' ಎಂಬ ಅಕ್ಷರವು ಒಳಗಿನ ನೂಲುಗಳು ರೇಡಿಯಲ್ ರೀತಿಯಲ್ಲಿ ಹೆಣೆಯಲ್ಪಟ್ಟಿವೆ ಎಂಬುದರ ಗುರುತು. 14 ಎಂಬುದು ಲೋಹದ ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಅಂಗುಲ ಮೂರೂ ಕಲೆತಿರುವುದು ವಿಚಿತ್ರವೇ ಸರಿ. ಆದರೆ ಜಗತ್ತಿನ ವಾಡಿಕೆ ಹಾಗಿದೆ.

ಈಗ ಚಕ್ರದ ಒಟ್ಟು ಎತ್ತರವನ್ನು ಕಂಡುಹಿಡಿಯೋಣ. 185ರ ಶೇಕಡಾ 60 ಎಂದರೆ 111 ಮಿ.ಮೀ. ಟೈರಿನ ಗೋಡೆಯು ರಿಮ್ಮಿನ ಮೇಲೂ ಇದೆ, ಕೆಳಗೂ ಇದೆ; ಆದುದರಿಂದ 222 ಮಿ.ಮೀ. ರಿಮ್ಮಿನ 14 ಅಂಗುಲವನ್ನು 25.4ರಿಂದ ಗುಣಿಸಿದರೆ 355.6 ಮಿ.ಮೀ. ಎರಡನ್ನೂ ಕೂಡಿಸಿದರೆ 577.6 ಮಿ.ಮೀ. ಇದು ಮೂಲ ಚಕ್ರದ ಹೊರವ್ಯಾಸ.

ಆ ತರುಣನು ಹಾಕಿಸಿದ್ದ ಟೈರು 205/50 ಆರ್ 16. ಇದೇ ರೀತಿ ಲೆಕ್ಕ ಮಾಡಿದರೆ ಗೋಡೆ 102.5 ಮಿ.ಮೀ., ಎರಡು ಗೋಡೆಗಳು 205 ಮಿ.ಮೀ., ರಿಮ್ಮು 406.4 ಮಿ.ಮೀ., ಒಟ್ಟು 611.4 ಮಿ.ಮೀ. ಅಂದರೆ ಹೊರವ್ಯಾಸ ಸುಮಾರು 34 ಮಿ.ಮೀ. ಹೆಚ್ಚಿತು. ಚಕ್ರವು ನಡುವಿನ ಅಚ್ಚಿನ ಸುತ್ತ ತಿರುಗುವುದರಿಂದ ಇದರಲ್ಲಿ ಅರ್ಧ, ಎಂದರೆ 17 ಮಿ.ಮೀ., ಚಕ್ರದ ಗೂಡಿನೊಳಕ್ಕೆ ಎಲ್ಲ ದಿಕ್ಕಿನಲ್ಲಿಯೂ ಚಾಚಿಕೊಂಡಿತು. ಗೂಡು ಮಾತ್ರ ಮೊದಲಿದ್ದಷ್ಟೇ ಇದೆ. ತೆರಪು ಕಡಮೆಯಾದುದಕ್ಕೆ ಇದು ಮೊದಲನೆಯ ಕಾರಣ.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಚಕ್ರ ದೊಡ್ಡದಾದರೆ ಒಂದು ಸುತ್ತಿನಲ್ಲಿ ಅದು ಕ್ರಮಿಸುವ ದಾರಿಯೂ ಹೆಚ್ಚುತ್ತದೆ. ಮೂಲ ಚಕ್ರವು ಒಂದು ಕಿಲೋಮೀಟರಿಗೆ ಸುಮಾರು 551 ಸುತ್ತು ಸುತ್ತಿದರೆ ಹೊಸದು ಸುತ್ತುವುದು ಸುಮಾರು 521 ಸುತ್ತು. ವೇಗಮಾಪಕವಾದರೋ ಸುತ್ತುಗಳನ್ನು ಎಣಿಸಿ ವೇಗವನ್ನು ಹೇಳುವ ಯಂತ್ರ. ಅದಕ್ಕೆ ಚಕ್ರ ಬದಲಾದ ಸುದ್ದಿ ತಿಳಿಯದು. ಆದಕಾರಣ ಮೊದಲು ಸರಿಯಾಗಿ ಹೇಳುತ್ತಿದ್ದ ಮಾಪಕವು 80 ಎಂದು ತೋರಿಸುವಾಗ ಕಾರು ವಾಸ್ತವವಾಗಿ ಸುಮಾರು 85 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಒಂದು ಅಂಗವನ್ನು ಬದಲಿಸಿದರೆ ಅದಕ್ಕೆ ಸಂಬಂಧಪಟ್ಟ ಬೇರೆ ಅಂಗಗಳ ಮಾತೂ ತಪ್ಪುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಎತ್ತರದ ಮಾತಾಯಿತು. ಇನ್ನು ಅಗಲದ ಮಾತು. ಚಕ್ರವನ್ನು ಬೋಲ್ಟುಗಳಿಂದ ಬಿಗಿಯುವ ಲೋಹದ ಮುಖಕ್ಕೆ ಹಬ್ ಎನ್ನುತ್ತಾರೆ. ಹಬ್ಬಿಗೆ ತಾಗುವ ಜಾಗವು ರಿಮ್ಮಿನ ಅಗಲದ ಸರಿಯಾದ ನಡುವಿನಲ್ಲಿಯೇ ಇರಬೇಕೆಂದಿಲ್ಲ. ಬಹುತೇಕ ಕಾರುಗಳಲ್ಲಿ ಅದು ನಡುವಿನಿಂದ ಹೊರಬದಿಗೆ ಸರಿದಿರುತ್ತದೆ. ಎಷ್ಟು ಮಿಲಿಮೀಟರು ಸರಿದಿದೆಯೋ ಅದೇ ಆ ಚಕ್ರದ ಆಫ್‌ಸೆಟ್. ಈ ಸಂಖ್ಯೆ ಹೆಚ್ಚಿದ್ದರೆ ಚಕ್ರವು ಕಾರಿನ ಒಳಕ್ಕೆ ಸೇರಿಕೊಳ್ಳುತ್ತದೆ. ಕಡಮೆಯಾದರೆ ಹೊರಕ್ಕೆ ಚಾಚುತ್ತದೆ.

ಮೂಲ ರಿಮ್ಮಿನ ಅಗಲ 5.5 ಅಂಗುಲ, ಆಫ್‌ಸೆಟ್ 45. ಅಗಲದಲ್ಲಿ ಅರ್ಧ ಸುಮಾರು 70 ಮಿ.ಮೀ. ಆದುದರಿಂದ ಹಬ್ಬಿನಿಂದ ಒಳಬದಿಗೆ 115 ಮಿ.ಮೀ., ಹೊರಬದಿಗೆ 25 ಮಿ.ಮೀ. ಹೊಸ ರಿಮ್ಮಿನ ಅಗಲ 7 ಅಂಗುಲ, ಆಫ್‌ಸೆಟ್ 35. ಅಗಲದಲ್ಲಿ ಅರ್ಧ ಸುಮಾರು 89 ಮಿ.ಮೀ. ಒಳಬದಿಗೆ 124 ಮಿ.ಮೀ., ಹೊರಬದಿಗೆ 54 ಮಿ.ಮೀ. ಹೋಲಿಸಿ ನೋಡಿರಿ: ಚಕ್ರದ ಅಂಚು ಒಳಕ್ಕೆ 9 ಮಿ.ಮೀ. ಸರಿಯಿತು, ಹೊರಕ್ಕೆ 29 ಮಿ.ಮೀ. ಚಾಚಿತು. ಕಾರಿನ ಮಡ್‌ಗಾರ್ಡಿನ ಅಂಚಿಗೂ ಟೈರಿಗೂ ನಡುವೆ ಇರುವ ತೆರಪು ಎಷ್ಟೋ ಕಾರುಗಳಲ್ಲಿ ಬೆರಳೆರಡರಷ್ಟು ಮಾತ್ರ. ಹೀಗಿರಲು ಟೈರು ಉಜ್ಜಿದುದರಲ್ಲಿ ಆಶ್ಚರ್ಯವೇನು?

ಇಷ್ಟು ತೊಂದರೆಯಿದ್ದರೂ ಜನರು ದೊಡ್ಡ ಚಕ್ರವನ್ನು ಏಕೆ ಬಯಸುತ್ತಾರೆ ಎಂದು ನೀವು ಕೇಳಬಹುದು. ಅದರಲ್ಲಿ ಹುರುಳಿಲ್ಲವೆಂದು ಹೇಳಲಾಗದು. ರಿಮ್ಮು ದೊಡ್ಡದಾದರೆ ಅದರೊಳಗೆ ದೊಡ್ಡ ಬ್ರೇಕನ್ನು ಇಡಬಹುದು. ಟೈರಿನ ಗೋಡೆ ಗಿಡ್ಡವಾದರೆ ತಿರುವಿನಲ್ಲಿ ಅದು ಬಳುಕುವುದು ಕಡಮೆಯಾಗಿ ಸ್ಟಿಯರಿಂಗಿನ ಮಾತನ್ನು ಕಾರು ಬೇಗನೆ ಕೇಳುತ್ತದೆ. ಆದರೆ ಅದೇ ಗಿಡ್ಡ ಗೋಡೆಯು ರಸ್ತೆಯ ಹೊಂಡದ ಪೆಟ್ಟನ್ನು ನುಂಗಲಾರದು. ಪೆಟ್ಟು ರಿಮ್ಮಿಗೆ ತಾಗಿ ಅದು ಸೊಟ್ಟಾಗುತ್ತದೆ, ಇಲ್ಲವೆ ಗೋಡೆಯೊಳಗಿನ ನೂಲು ಹರಿದು ಟೈರಿನ ಪಕ್ಕದಲ್ಲಿ ಬುಗುಟೆ ಏಳುತ್ತದೆ.

ಪಂದ್ಯದ ಕಾರುಗಳನ್ನು ನಡೆಸುವವರು ಇದನ್ನು ಚೆನ್ನಾಗಿ ಬಲ್ಲರು. ನಮ್ಮ ನೆರೆಯ ಗ್ರೇಟರ್ ನೊಯ್ಡಾದ ಬುದ್ಧ ಅಂತಾರಾಷ್ಟ್ರೀಯ ಪಥದಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ ಒನ್ ಪಂದ್ಯಗಳು ನಡೆದುವು. ಆಗ ಆ ಕಾರುಗಳ ರಿಮ್ಮು 13 ಅಂಗುಲದ್ದು. 2022ರಲ್ಲಿ ಅದನ್ನು 18 ಅಂಗುಲಕ್ಕೆ ಏರಿಸಿದರು. ರಿಮ್ಮು 127 ಮಿ.ಮೀ. ಬೆಳೆಯಿತು. ಆದರೆ ಟೈರು ಸೇರಿದ ಒಟ್ಟು ವ್ಯಾಸವು 670ರಿಂದ 720 ಮಿ.ಮೀ.ವರೆಗೆ ಮಾತ್ರ ಏರಿತು. ಅದೇ ವರ್ಷ ಇಡೀ ಕಾರನ್ನೇ ಹೊಸದಾಗಿ ರಚಿಸಿದ್ದರು. ಇನ್ನು ಚಿಕ್ಕಮಗಳೂರಿನ ಕಾಫಿ ತೋಟಗಳ ಹಾದಿಗಳಲ್ಲಿ ನಡೆಯುವಂಥ ರ್‍ಯಾಲಿಗಳನ್ನು ನೋಡಿರಿ. ವಿಶ್ವ ರ್‍ಯಾಲಿ ಸ್ಪರ್ಧೆಯಲ್ಲಿ ಡಾಂಬರು ರಸ್ತೆಗೆ 18 ಅಂಗುಲದ ರಿಮ್ಮನ್ನು ಹಾಕುವವರೇ ಕಲ್ಲುಮಣ್ಣಿನ ಹಾದಿಗೆ 15 ಅಂಗುಲದ ಚಿಕ್ಕ ರಿಮ್ಮನ್ನೂ ಎತ್ತರದ ಗೋಡೆಯ ಟೈರನ್ನೂ ಹಾಕುತ್ತಾರೆ. ದಾರಿಗೆ ತಕ್ಕ ಚಕ್ರವೇ ಉತ್ತಮ ಚಕ್ರ.

ಈಗ ಮುಖರ್ಜಿ ನಗರದ ಗಲ್ಲಿಗೆ ಮರಳೋಣ. ಟೈರು ಉಜ್ಜುತ್ತಿದೆ ಎಂದು ತಿಳಿದರೆ ಸಾಲದು. ಎಲ್ಲಿ ಉಜ್ಜುತ್ತಿದೆ, ಯಾವಾಗ ಉಜ್ಜುತ್ತಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ವೈದ್ಯನು ನಾಡಿ ಹಿಡಿಯದೆ ಮದ್ದು ಕೊಡುವುದಿಲ್ಲ. ಹಾಗೆಯೇ ಇಲ್ಲಿಯೂ ಸ್ಥಳವನ್ನು ಗೊತ್ತುಮಾಡದೆ ಉಳಿ, ಗರಗಸಗಳನ್ನು ಕೈಗೆತ್ತಿಕೊಳ್ಳಬಾರದು.

ಉಜ್ಜುವ ಸ್ಥಳಗಳು ಮುಖ್ಯವಾಗಿ ಮೂರು. ಮೊದಲನೆಯದು ಮಡ್‌ಗಾರ್ಡಿನ ಹೊರ ಅಂಚು. ಈ ತಗಡಿನ ಅಂಚನ್ನು ಒಳಮುಖವಾಗಿ ಮಡಿಸಿರುತ್ತಾರೆ. ಕಾರು ಹಂಪನ್ನು ದಾಟಿ ಕುಸಿದಾಗ ಅಥವಾ ಜನರು ಕುಳಿತು ಭಾರ ಹೆಚ್ಚಿದಾಗ ಟೈರಿನ ಹೆಗಲು ಈ ಮಡಿಕೆಗೆ ತಗಲುತ್ತದೆ. ಎರಡನೆಯದು ಗೂಡಿನೊಳಗಿನ ಪ್ಲಾಸ್ಟಿಕ್ ಹೊದಿಕೆ. ಇದಕ್ಕೆ ಲೈನರ್ ಎಂದು ಹೆಸರು. ಮುಂದಿನ ಚಕ್ರಗಳನ್ನು ಪೂರ್ತಿಯಾಗಿ ತಿರುಗಿಸಿದಾಗ ಟೈರಿನ ಮೂಲೆ ಇದಕ್ಕೆ ತಾಗುವುದುಂಟು. ಮೂರನೆಯದು ಒಳಬದಿಯ ಲೋಹದ ಅಂಗಗಳು: ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಬ್ರೇಕಿನ ಕೊಳವೆ ಮುಂತಾದುವು. ಇಲ್ಲಿ ಉಜ್ಜುವುದು ಹೊರಗಿನಿಂದ ಕಾಣುವುದಿಲ್ಲವಾದ ಕಾರಣ ಇದು ಬಹಳ ಅಪಾಯಕರ. ಬ್ರೇಕಿನ ಕೊಳವೆ ಸವೆದು ತೂತಾದರೆ ಬ್ರೇಕೇ ಕೈಕೊಡಬಹುದು.

ಸ್ಥಳವನ್ನು ಕಂಡುಹಿಡಿಯಲು ದುಬಾರಿಯ ಉಪಕರಣಗಳು ಬೇಕಿಲ್ಲ. ನಾವು ನಮ್ಮ ಹುಡುಗನ ಕೋಣೆಯಿಂದ ಒಂದು ಸೀಮೆಸುಣ್ಣ, ಒಂದು ಟಾರ್ಚು, ಒಂದು ಅಳತೆಪಟ್ಟಿ, ಚಪಾತಿಗೆಂದು ಕಲಸಿಟ್ಟಿದ್ದ ಒಂದು ಹಿಡಿ ಹಿಟ್ಟು ಇಷ್ಟನ್ನು ತಂದೆವು. ಟೈರಿನ ಎರಡು ಹೆಗಲುಗಳಿಗೂ ಸುತ್ತಲೂ ಸೀಮೆಸುಣ್ಣವನ್ನು ಬಳಿದೆವು. ಮಡ್‌ಗಾರ್ಡಿನ ಮಡಿಕೆಯ ಒಳಗೆ ಹಿಟ್ಟಿನ ಸಣ್ಣ ಉಂಡೆಗಳನ್ನು ಅಂಟಿಸಿದೆವು. ಬಳಿಕ ಆ ತರುಣನು ನಡಿಗೆಯ ವೇಗದಲ್ಲಿ ಕಾರನ್ನು ಗಲ್ಲಿಯ ಕೊನೆಯವರೆಗೆ ನಡೆಸಿ, ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಹಂಪನ್ನು ದಾಟಿಸಿ ತಂದನು. ಮೊದಲ ಸಲ ಒಬ್ಬನೇ, ಎರಡನೆಯ ಸಲ ಪಕ್ಕದಲ್ಲಿ ಗೆಳೆಯನನ್ನು ಕೂರಿಸಿಕೊಂಡು. ಪ್ರತಿ ಸಲವೂ ಎಂಜಿನನ್ನು ನಿಲ್ಲಿಸಿ ಕೈಬ್ರೇಕನ್ನು ಎಳೆದ ಮೇಲೆಯೇ ಗೂಡಿನ ಹತ್ತಿರ ಕೈಹಾಕಿದೆವು.

ಸೀಮೆಸುಣ್ಣ ಅಳಿಸಿಹೋದ ಜಾಗವೇ ತಗಲಿದ ಜಾಗ. ಹಿಟ್ಟಿನ ಉಂಡೆ ಎಷ್ಟು ತೆಳ್ಳಗೆ ಒತ್ತಲ್ಪಟ್ಟಿದೆಯೋ ಅಷ್ಟೇ ಅಲ್ಲಿ ಉಳಿದ ತೆರಪು. ಪಂದ್ಯದ ಕಾರುಗಳನ್ನು ಸಿದ್ಧಪಡಿಸುವವರು ಇದಕ್ಕಾಗಿ ಜೇಡಿಯಂಥ ಮೆತ್ತನೆಯ ವಸ್ತುವನ್ನು ಬಳಸುತ್ತಾರೆ. ನಮಗೆ ಗೋಧಿಯ ಹಿಟ್ಟು ಸಾಕಾಯಿತು. ಮುಂದಿನ ಚಕ್ರಗಳು ಪೂರ್ತಿ ತಿರುಗಿದಾಗ ಲೈನರಿನ ಹಿಂಬದಿಯ ಮೂಲೆಗೆ ತಗಲುತ್ತಿದ್ದುವು. ಅಲ್ಲಿ ಪ್ಲಾಸ್ಟಿಕ್ಕು ಕನ್ನಡಿಯಂತೆ ನುಣುಪಾಗಿತ್ತು. ಇದು ಸಣ್ಣ ದೋಷ. ಹಿಂದಿನ ಬಲಚಕ್ರದಲ್ಲಿ ಮಾತ್ರ ನಾವು ಕಂಡುದು ಬೇರೆ. ಟೈರಿನ ಹೊರ ಹೆಗಲಿನಲ್ಲಿ ಚಾಕುವಿನಿಂದ ಗೀರಿದಂತೆ ಸುತ್ತಲೂ ಒಂದು ಗೆರೆ. ಟಾರ್ಚಿನ ಬೆಳಕಿನಲ್ಲಿ ನೋಡಿದಾಗ ಆ ಗೆರೆಯ ಆಳದಲ್ಲಿ ಎರಡು ಕಡೆ ಬಿಳಿಯ ನೂಲು ಕಾಣುತ್ತಿತ್ತು.

ಟೈರಿಗೆ ಬಲವನ್ನು ಕೊಡುವುದು ಒಳಗಿನ ನೂಲಿನ ಹೆಣಿಗೆ. ರಬ್ಬರು ಅದರ ಹೊದಿಕೆ. ನೆಲಕ್ಕೆ ತಾಗುವ ದಪ್ಪ ಭಾಗದಲ್ಲಿ ಮೊಳೆ ಚುಚ್ಚಿದರೆ ತೇಪೆ ಹಾಕಬಹುದು. ಪ್ರತಿ ಸುತ್ತಿನಲ್ಲಿಯೂ ಬಳುಕುವ ಪಕ್ಕದ ಗೋಡೆಯಲ್ಲಿ ನೂಲು ಕಡಿದರೆ ತೇಪೆಯಿಂದ ಪ್ರಯೋಜನವಿಲ್ಲ. ಆ ಟೈರನ್ನು ತ್ಯಜಿಸಲೇಬೇಕು. ಆ ತರುಣನು ಗೆರೆಯ ಮೇಲೆ ಬೆರಳಾಡಿಸಿ ಬಹಳ ಹೊತ್ತು ಸುಮ್ಮನಿದ್ದನು. ಅನಂತರ ಗೆಳೆಯನಿಗೆ ದೂರವಾಣಿ ಮಾಡಿ, ಆಗ್ರಾಕ್ಕೆ ರೈಲಿನಲ್ಲಿ ಹೋಗೋಣ ಎಂದು ತಿಳಿಸಿದನು.

ಇನ್ನು ಪರಿಹಾರಗಳ ವಿಚಾರ. ಇವುಗಳನ್ನು ಸುಲಭವಾದುದರಿಂದ ಕಠಿಣವಾದುದಕ್ಕೆ ಕ್ರಮವಾಗಿ ನೋಡುವುದು ವಿವೇಕ.

ಎಲ್ಲಕ್ಕಿಂತ ಮೊದಲು ಈಗಿರುವುದು ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಲೈನರನ್ನು ಹಿಡಿದಿಡುವ ಗುಬ್ಬಿಗಳು ಕಳಚಿ ಅದು ಜೋತುಬಿದ್ದಿರಬಹುದು. ಟೈರಿನ ಗಾಳಿ ಕಡಮೆಯಾಗಿರಬಹುದು. ಸ್ಪ್ರಿಂಗುಗಳು ಮುಪ್ಪಾಗಿ ಕಾರು ಕುಗ್ಗಿರಬಹುದು. ಚಂದಕ್ಕೆಂದು ಸ್ಪ್ರಿಂಗನ್ನು ಗಿಡ್ಡ ಮಾಡಿಸಿ ಕಾರನ್ನು ತಗ್ಗಿಸುವವರೂ ಉಂಟು. ದೊಡ್ಡ ಚಕ್ರದ ಜೊತೆಗೆ ಇದೂ ಸೇರಿದರೆ ಗೂಡನ್ನು ಎರಡು ಕಡೆಯಿಂದಲೂ ಇಕ್ಕಟ್ಟು ಮಾಡಿದಂತೆ.

ಲೈನರಿಗೆ ಮಾತ್ರ ತಗಲುತ್ತಿದ್ದರೆ ಕೆಲಸ ಸುಲಭ. ಅದನ್ನು ಹದವಾಗಿ ಬಿಸಿಮಾಡಿ ಹಿಂದಕ್ಕೆ ಒತ್ತಿ ಗಟ್ಟಿಯಾಗಿ ಕಟ್ಟಬಹುದು; ತಗಲುವ ಮೂಲೆಯನ್ನು ಸ್ವಲ್ಪ ಕತ್ತರಿಸಲೂಬಹುದು. ಆದರೆ ಅದರ ಹಿಂದೆ ದೀಪದ ತಂತಿಗಳೂ ತಗಡಿನ ಕೀಲುಗಳೂ ಇರುತ್ತವೆ. ಹೊದಿಕೆಯನ್ನೇ ಕಿತ್ತು ಬಿಸಾಡಿದರೆ ಮಳೆಗಾಲದ ಕೆಸರು ನೇರವಾಗಿ ಅವುಗಳಿಗೆ ಬಡಿಯುತ್ತದೆ. ಕೆಲವು ಕಾರುಗಳಲ್ಲಿ ಚಕ್ರ ತಿರುಗುವ ಕೊನೆಯ ಮಿತಿಯನ್ನು ಸ್ವಲ್ಪ ಕಡಮೆ ಮಾಡುವ ಏರ್ಪಾಟೂ ಇದೆ. ಆಗ ಉಜ್ಜುವುದು ನಿಲ್ಲುತ್ತದೆ. ಆದರೆ ಕಾರು ಹೊರಳಲು ಹೆಚ್ಚು ಜಾಗ ಬೇಕಾಗುತ್ತದೆ. ಮುಖರ್ಜಿ ನಗರದ ಗಲ್ಲಿಗಳಲ್ಲಿ ಆ ಜಾಗ ಎಲ್ಲಿಯದು?

ಒಳಬದಿಗೆ ಉಜ್ಜುತ್ತಿದ್ದರೆ ಹಬ್ಬಿಗೂ ಚಕ್ರಕ್ಕೂ ನಡುವೆ ಸ್ಪೇಸರ್ ಎಂಬ ಲೋಹದ ಬಿಲ್ಲೆಯನ್ನಿಟ್ಟು ಚಕ್ರವನ್ನು ಹೊರಕ್ಕೆ ಸರಿಸುವುದುಂಟು. 5 ಮಿ.ಮೀ. ದಪ್ಪದ ಬಿಲ್ಲೆಯಿಂದ 35ರ ಆಫ್‌ಸೆಟ್ 30 ಆದಂತಾಗುತ್ತದೆ. ಇಲ್ಲಿ ಒಂದು ಮೋಸವಿದೆ. ಬಿಲ್ಲೆಯು ಎಷ್ಟು ದಪ್ಪವೋ ಬೋಲ್ಟಿನ ಹಿಡಿತ ಅಷ್ಟು ಕಡಮೆಯಾಗುತ್ತದೆ. ಒಂದು ಸುತ್ತಿಗೆ 1.5 ಮಿ.ಮೀ. ಮುಂದೆ ಸಾಗುವ ಬೋಲ್ಟಿನಲ್ಲಿ 5 ಮಿ.ಮೀ. ಎಂದರೆ ಮೂರು ಸುತ್ತಿಗಿಂತ ಹೆಚ್ಚಿನ ಹಿಡಿತ ನಷ್ಟವಾದಂತೆ. ಆದುದರಿಂದ ಉದ್ದವಾದ ಬೋಲ್ಟುಗಳಿಲ್ಲದೆ, ಹಬ್ಬಿನ ನಡುವಿಗೆ ಸರಿಯಾಗಿ ಕೂಡುವ ಬಿಲ್ಲೆಯಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಅಲ್ಲದೆ ಒಳಗೆ ಗಳಿಸಿದ 5 ಮಿ.ಮೀ. ತೆರಪನ್ನು ಹೊರಗೆ ಕಳೆದುಕೊಂಡಿರುತ್ತೇವೆ ಎಂಬುದನ್ನೂ ಮರೆಯಬಾರದು.

ಹೊರ ಅಂಚಿಗೆ ಉಜ್ಜುತ್ತಿದ್ದರೆ ಮಾಡುವ ಉಪಾಯಗಳು ಎರಡು. ಒಂದನೆಯದು ಚಕ್ರದ ಮೇಲ್ತುದಿಯನ್ನು ಒಳಕ್ಕೆ ವಾಲಿಸುವುದು. ಒಂದು ಡಿಗ್ರಿ ವಾಲಿಸಿದರೆ ಮೇಲ್ತುದಿಯು ಸುಮಾರು 5 ಮಿ.ಮೀ. ಒಳಕ್ಕೆ ಸರಿಯುತ್ತದೆ. ಆದರೆ ಹೆಚ್ಚು ವಾಲಿಸಿದರೆ ಟೈರಿನ ಒಳ ಅಂಚೇ ನೆಲವನ್ನು ಒತ್ತಿ ಬೇಗ ಸವೆಯುತ್ತದೆ. ಎರಡನೆಯದು ಮಡ್‌ಗಾರ್ಡಿನ ಒಳಮಡಿಕೆಯನ್ನು ರೋಲರಿನಿಂದ ಒತ್ತಿ ಚಪ್ಪಟೆ ಮಾಡುವುದು. ಬಣ್ಣವನ್ನು ಮೊದಲು ಬೆಚ್ಚಗೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಒತ್ತುವ ನುರಿತ ಕೈಗಳಿಗೆ ಮಾತ್ರ ಇದು ಸಾಧ್ಯ. ಅವಸರ ಮಾಡಿದರೆ ಬಣ್ಣ ಸೀಳುತ್ತದೆ. ಹಿಂದಿನ ಗೂಡಿನಲ್ಲಿ ಒಳತಗಡು, ಹೊರತಗಡುಗಳು ಆ ಮಡಿಕೆಯಲ್ಲಿಯೇ ಕೂಡುವುದರಿಂದ ಅಲ್ಲಿನ ಅಂಟು ಬಿರಿದರೆ ನೀರು ನುಗ್ಗಿ ತುಕ್ಕು ಹಿಡಿಯುತ್ತದೆ. ಟೈರಿನ ದೋಷವನ್ನು ನೀಗಿಸಲು ಹೋಗಿ ಕಾರಿನ ಮೈಗೆ ರೋಗ ತಂದಂತಾಗಬಾರದು.

ನಮ್ಮ ತರುಣನು ಇವೆಲ್ಲವನ್ನೂ ಕೇಳಿ, "ಹಾಗಾದರೆ ಇದೇ ಅಗಲದ, 45 ಆಫ್‌ಸೆಟ್ಟಿನ ರಿಮ್ಮು ತಂದರೆ ಸರಿಹೋಗದೇ ಸರ್?" ಎಂದನು. ಜಾಣ ಪ್ರಶ್ನೆ. ಲೆಕ್ಕ ಮಾಡಿದೆವು. ಹೊರಬದಿಯ ಚಾಚು 54ರಿಂದ 44ಕ್ಕೆ ಇಳಿಯುತ್ತದೆ, ನಿಜ. ಆದರೆ ಒಳಬದಿ 134 ಆಗುತ್ತದೆ. ಮೂಲಕ್ಕಿಂತ 19 ಮಿ.ಮೀ. ಹೆಚ್ಚು. ಹೊರಗಿನ ತಗಡನ್ನು ಬಿಟ್ಟು ಒಳಗಿನ ಶಾಕ್ ಅಬ್ಸಾರ್ಬರನ್ನು ಉಜ್ಜುವ ಸಂಭವ ಬಂತು. ಚಿಕ್ಕ ಕಂಬಳಿಯನ್ನು ತಲೆಗೆ ಎಳೆದರೆ ಕಾಲು ಬರಿದು. ಕಾಲಿಗೆ ಎಳೆದರೆ ತಲೆ ಬರಿದು.

ಹೀಗೆ ಎಲ್ಲ ದಾರಿಗಳೂ ತಿರುಗಿ ಒಂದೇ ಕಡೆಗೆ ಬಂದುವು: ಗೂಡಿಗೆ ಒಪ್ಪುವ ಚಕ್ರವನ್ನೇ ಆರಿಸುವುದು. ಕಾರಿನ ಕೈಪಿಡಿಯನ್ನು ತೆರೆದು ನೋಡಿದಾಗ ತಯಾರಕರೇ ಒಪ್ಪಿಗೆಯಿತ್ತಿದ್ದ ಇನ್ನೊಂದು ಅಳತೆ ಅಲ್ಲಿ ಅಚ್ಚಾಗಿತ್ತು: 195/50 ಆರ್ 15, ರಿಮ್ಮಿನ ಅಗಲ 6 ಅಂಗುಲ, ಆಫ್‌ಸೆಟ್ 40. ಇದರ ಹೊರವ್ಯಾಸ 576 ಮಿ.ಮೀ.; ಮೂಲಕ್ಕಿಂತ ಎರಡು ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲ. ಒಳಬದಿಗೆ ಸುಮಾರು 1 ಮಿ.ಮೀ., ಹೊರಬದಿಗೆ ಸುಮಾರು 11 ಮಿ.ಮೀ. ಮಾತ್ರ ಹೆಚ್ಚಳ. ಮಾಜ್ದಾ ಸಂಸ್ಥೆಯವರೂ ತಮ್ಮ ಎಂಎಕ್ಸ್-5ರ ಎರಡನೆಯ ಪೀಳಿಗೆಗೆ ಇದೇ 195/50 ಆರ್ 15 ಅಳತೆಯನ್ನು ಬಳಸಿದ್ದಾರೆ. ರಿಮ್ಮು ಬೆಳೆದಷ್ಟು ಟೈರಿನ ಗೋಡೆಯನ್ನು ತಗ್ಗಿಸಿ ಒಟ್ಟು ಎತ್ತರವನ್ನು ಕಾಪಾಡುವುದೇ ತಿಳಿದವರ ಮಾರ್ಗ. ಟೈರನ್ನು ಕೊಳ್ಳುವಾಗ ಅದರ ಭಾರಸೂಚಿಯನ್ನೂ ನೋಡಬೇಕು. ಉದಾಹರಣೆಗೆ 82 ಎಂಬ ಸೂಚಿಯಿದ್ದರೆ ಆ ಒಂದು ಟೈರು 475 ಕಿಲೋಗ್ರಾಂ ಭಾರವನ್ನು ತಾಳಬಲ್ಲುದು. ಮೂಲ ಟೈರಿಗಿಂತ ಕಡಮೆ ಸೂಚಿಯದನ್ನು ಎಂದಿಗೂ ಹಾಕಬಾರದು.

ಈ ವಿಷಯದಲ್ಲಿ ಕಾನೂನೂ ಮಾತನಾಡುತ್ತದೆ. ತಯಾರಕರು ಮೂಲತಃ ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂಬುದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಆಶಯ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಆದಕಾರಣ ಕೈಪಿಡಿಯಲ್ಲಿಯೂ ಬಾಗಿಲ ಚೌಕಟ್ಟಿನ ಚೀಟಿಯಲ್ಲಿಯೂ ತಯಾರಕರು ಬರೆದಿರುವ ಅಳತೆಗಳೊಳಗೆ ಇರುವುದು ಕ್ಷೇಮವೂ ಹೌದು, ನ್ಯಾಯವೂ ಹೌದು.

ಆ ತರುಣನು ಮಿರುಗುವ 16 ಅಂಗುಲದ ರಿಮ್ಮುಗಳನ್ನು ಅರ್ಧ ಬೆಲೆಗೆ ಮಾರಿದನು. ಎರಡು ತಿಂಗಳು ಹಣ ಕೂಡಿಸಿ ಕೈಪಿಡಿಯ ಅಳತೆಯ ಚಕ್ರಗಳನ್ನು ಕೊಂಡನು. ಅಲ್ಲಿಯವರೆಗೆ ಹಳೆಯ 14 ಅಂಗುಲದ ಚಕ್ರಗಳಲ್ಲಿಯೇ ಓಡಾಡಿದನು. ಚಳಿಗಾಲದಲ್ಲಿ ನಾನು ಮತ್ತೆ ಮುಖರ್ಜಿ ನಗರಕ್ಕೆ ಹೋದಾಗ ಕಾರು ಅದೇ ಹಂಪನ್ನು ದಾಟಿತು. ಗುದುಮ್ ಎಂಬ ಒಂದೇ ಸದ್ದು. ಅದರ ಬೆನ್ನಿಗೆ ಬರುತ್ತಿದ್ದ 'ಸರ್ರ್' ಎಂಬುದು ಇರಲಿಲ್ಲ. ಸೀಮೆಸುಣ್ಣದ ಪರೀಕ್ಷೆಯನ್ನು ತಾನೇ ಮಾಡಿ ನೋಡಿದೆನೆಂದು ಅವನು ಹೆಮ್ಮೆಯಿಂದ ಹೇಳಿದನು. ನೂಲು ಕಂಡಿದ್ದ ಆ ಟೈರಿನ ಒಂದು ತುಂಡನ್ನು ನಮ್ಮ ಹಳೆಯ ವಿದ್ಯಾರ್ಥಿಯು ಕೇಳಿ ಪಡೆದು ಶಾಲೆಗೆ ಕಳುಹಿಸಿದ್ದಾನೆ. ಅದು ಈಗ ನಮ್ಮ ವಿಜ್ಞಾನದ ಕೊಠಡಿಯ ಕಪಾಟಿನಲ್ಲಿದೆ. ಬೇಕಾದವರು ಬಂದು ಮುಟ್ಟಿ ನೋಡಬಹುದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹೆಚ್ಚಿನವರು ಇನ್ನೂ ಕಾರು ನಡೆಸುವ ವಯಸ್ಸಿನವರಲ್ಲ. ಗಾಡಿಯ ಕೆಳಗೆ ನುಸುಳಿ ಕೆಲಸ ಮಾಡುವುದು ನಿಮ್ಮ ಪಾಲಿನದೂ ಅಲ್ಲ. ಆದರೆ ಸೈಕಲ್ಲಿಗೆ ದಪ್ಪ ಟೈರು ಹಾಕಿಸುವಾಗಲೂ ಇದೇ ಲೆಕ್ಕ ಅನ್ವಯಿಸುತ್ತದೆ. ಫೋರ್ಕಿನ ನಡುವೆ ತೆರಪೆಷ್ಟು ಎಂಬುದನ್ನು ಮೊದಲು ಅಳೆಯಿರಿ. ಮನೆಯಲ್ಲಿ ಅಣ್ಣನೋ ಮಾವನೋ ಕಾರಿಗೆ ಹೊಸ ಚಕ್ರ ತರುವೆನೆಂದರೆ ಒಂದು ಕಾಗದವನ್ನೂ ಪೆನ್ಸಿಲನ್ನೂ ತೆಗೆದುಕೊಂಡು ಟೈರಿನ ಮೇಲಿನ ಮೂರು ಸಂಖ್ಯೆಗಳನ್ನು ಬರೆದು, ಗುಣಿಸಿ, ಕೂಡಿಸಿ ಅವರ ಮುಂದಿಡಿರಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದರು. ಆ ಮಾತು ಚಕ್ರಕ್ಕೂ ಸಲ್ಲುತ್ತದೆ; ಹಣ ಕೊಟ್ಟ ಮೇಲೆ ಅಳೆಯುವುದಕ್ಕಿಂತ ಕೊಡುವ ಮೊದಲು ಅಳೆಯುವುದು ಲೇಸು.